ಮಾತಿಗೆ ತುಂಬುವ ಪವರ್ ಬ್ಯಾಂಕ್

"ತೂಕ ನೋಡು," ಎಂದು ಧರಣೇಂದ್ರ ಒಂದು ಚಪ್ಪಟೆ ವಸ್ತುವನ್ನು ನನ್ನ ಅಂಗೈ ಮೇಲಿಟ್ಟ. ಒಣಗಿದ ಕಟಕ ರೊಟ್ಟಿಯ ಚೂರಿನಷ್ಟೂ ಭಾರವಿರಲಿಲ್ಲ.

"ಏನಿದು?"

"ಪವರ್ ಬ್ಯಾಂಕ್. ಇಷ್ಟು ಹಗುರದ್ದು ಜಗತ್ತಿನ್ಯಾಗ ಇನ್ನೊಂದಿಲ್ಲ. ಬೇಟೆಗೆ ಹೋಗೋರಿಗಂತನ ಮಾಡೇನಿ."

ಜೈನರ ಮನೆಯವನು ಬೇಟೆಯಾಡುವುದೇ ಎಂದು ಗಾಬರಿಯಾಗಬೇಡಿ. ಅವನ ಬೇಟೆ ಕ್ಯಾಮೆರಾದ್ದು. ಗದಗಿನಲ್ಲಿ ಆಯುಷ್ಯವೆಲ್ಲ ರೇಡಿಯೊ ರಿಪೇರಿ ಮಾಡಿದವನು. ನನ್ನ ಪಕ್ಕದ ಮನೆ, ನಡುವೆ ಒಂದೇ ಗೋಡೆ. ಹೆಂಡತಿ ಪದ್ಮವ್ವ ತೀರಿಕೊಂಡ ಮೇಲೆ ಅವನಿಗೆ ಹೊಸ ಹುಚ್ಚು ಹತ್ತಿತ್ತು. ಕಪ್ಪತಗುಡ್ಡದ ಬುಡದಲ್ಲಿ ಒಂದು ಒಂಟಿ ತೋಳವಿದೆ, ಅದರ ಫೋಟೊ ತೆಗೆಯಬೇಕು. ಜೋಡಿ ಸತ್ತ ಮೇಲೆ ಅದು ಯಾವ ಹಿಂಡಿಗೂ ಸೇರಿಲ್ಲವೆಂದು ಕುರಿ ಕಾಯುವವರು ಹೇಳಿದ್ದರಂತೆ. ಆದರೆ ಅವನ ಹಳೆಯ ಕ್ಯಾಮೆರಾದ ಬ್ಯಾಟರಿ ಗುಡ್ಡ ಹತ್ತುವುದರೊಳಗೆ ಕಣ್ಣು ಮುಚ್ಚುತ್ತಿತ್ತು.

ಅಂಗಡಿಯಿಂದ ತಂದ ಪವರ್ ಬ್ಯಾಂಕು ಬೀಸುವ ಕಲ್ಲಿನಷ್ಟು ಭಾರ. ಅದನ್ನು ಹೊತ್ತು ಹೋದ ದಿನ ಕ್ಯಾಮೆರಾ ಚೆನ್ನಾಗಿತ್ತು, ಇವನೇ ಚಾರ್ಜಿಲ್ಲದೆ ಮಲಗಿದ. ಬಿಸಿಲಿನಿಂದ ತುಂಬುವುದನ್ನು ತಂದ. ತೋಳ ಬರುವುದು ಬಿಸಿಲು ಇಳಿದ ಮೇಲೆ. ಕೊನೆಗೆ ತಾನೇ ಒಂದನ್ನು ಮಾಡಲು ಕುಳಿತ.

"ಇದಕ್ಕ ಕರೆಂಟ್ ಬ್ಯಾಡ, ಬಿಸಿಲು ಬ್ಯಾಡ. ಮಾತಿಗೆ ತುಂಬತೈತಿ. ಊಟ ಆತೇನೋ ಫಕೀರಪ್ಪ?"

"ಆತು."

ಯಂತ್ರದ ಮೇಲಿದ್ದ ನಾಲ್ಕು ದೀಪಗಳಲ್ಲಿ ಮೊದಲನೆಯದು ಒಮ್ಮೆ ಮಿನುಗಿತು.

"ನೋಡಿದಿ? ಒಬ್ಬಾಂವನ ಒದರಿದ್ರ ತುಂಬೂದಿಲ್ಲ. ಒಬ್ಬ ಹೇಳಬೇಕು, ಇನ್ನೊಬ್ಬ ಉತ್ತರ ಕೊಡಬೇಕು. ಒಂದ ತಂತಿಗೆ ಬಲ್ಬ್ ಹತ್ತತೈತೇನ?"

ಹಾಗೆಂದು ಇವನು ಒಬ್ಬನೇ ಪ್ರಯತ್ನಿಸದೆ ಬಿಟ್ಟಿರಲಿಲ್ಲ. ರೇಡಿಯೊದ ಜೊತೆ ವಾದ ಮಾಡಿದ್ದ. ಫೋನ್ ಕಂಪನಿಯ ಅಮ್ಮನ ಜೊತೆ ಅರ್ಧ ದಿನ ಹರಟಿದ್ದ. ಒಂದು ಒತ್ತಿ, ಎರಡು ಒತ್ತಿ ಎಂದಳೇ ಹೊರತು ದೀಪ ಹತ್ತಲಿಲ್ಲ. ಗೋಡೆಯಾಚೆಯಿಂದ ಇದನ್ನೆಲ್ಲ ಕೇಳುತ್ತಲೇ ಇದ್ದೆ. ಎದ್ದು ಹೋಗಿ ಏನೆಂದು ವಿಚಾರಿಸಿರಲಿಲ್ಲ.

"ಅದಕ್ಕ ನೀ ನನ್ನ ಸಂಗಾಟ ಬರಬೇಕು," ಎಂದ.

ನನ್ನನ್ನೇ ಕೇಳಬೇಕೆ? ನಾನು ಪ್ರೆಸ್ಸಿನಲ್ಲಿ ಕರಡು ತಿದ್ದಿ ನಿವೃತ್ತನಾದವನು. ಮದುವೆಯಿಲ್ಲ. ಬೇರೆಯವರ ಮಾತಿನಲ್ಲಿ ತಪ್ಪು ಹುಡುಕುವುದೇ ಕಸುಬಾದ್ದರಿಂದ ನನ್ನದನ್ನು ಆದಷ್ಟು ಕಡಿಮೆ ಇಟ್ಟುಕೊಂಡಿದ್ದೆ. ಹಾಲಿನವನಿಗೆ "ಅರ್ಧ ಲೀಟರ್" ಎಂದರೆ ಕೆಲವು ದಿನ ಅಲ್ಲಿಗೆ ಆ ದಿನದ ಮಾತು ಮುಗಿಯುತ್ತಿತ್ತು. ಬರುವುದಿಲ್ಲ ಎನ್ನಬೇಕೆಂದಿದ್ದೆ. ಆ ಬೆಳಕು ಮಿನುಗಿದ್ದು ಕಣ್ಣಿಗೆ ಕಟ್ಟಿತ್ತೇನೋ, ಹೂಂ ಎಂದುಬಿಟ್ಟೆ.

ಮೊದಲ ದಿನ ಬಸ್ಸಿನಲ್ಲೂ ಮಾತಿಲ್ಲ, ಗುಡ್ಡ ಹತ್ತುವಾಗಲೂ ಇಲ್ಲ. ಕಾರೆಕಂಟಿಗಳ ಮುಳ್ಳುಪೊದೆಯ ಹಿಂದೆ ಅಡಗಿ ಕುಳಿತೆವು. ಹೊತ್ತು ಇಳಿಯುವಾಗ ಎದುರಿನ ದಿಬ್ಬದ ಮೇಲೆ ತೋಳ ಬಂದು ನಿಂತಿತು. ಬಡಕಲು ಮೈ, ಒಂದು ಕಿವಿ ಹರಿದಿತ್ತು. ಕ್ಯಾಮೆರಾ ಒತ್ತಿದರೆ ಉಸಿರಿಲ್ಲ.

"ಏನರ ಮಾತಾಡೋ," ಧರಣೇಂದ್ರ ಪಿಸುಗುಟ್ಟಿದ.

ನನಗೆ ಒಂದು ಮಾತೂ ಹೊಳೆಯಲಿಲ್ಲ. ನಿಜವಾಗಿಯೂ ಹೊಳೆಯಲಿಲ್ಲ. ಒಬ್ಬ ಮನುಷ್ಯ ಪಕ್ಕದಲ್ಲಿ ಕುಳಿತು ಬೇಡುತ್ತಿದ್ದಾನೆ, ನನ್ನ ಬಾಯಲ್ಲಿ ಏನೂ ಇಲ್ಲ!

"ಅರ್ಧ ಲೀಟರ್," ಎಂದೆ.

ತೋಳ ನಮ್ಮ ಕಡೆ ತಿರುಗಿ ನೋಡಿ ಹೊರಟುಹೋಯಿತು.

ಮರುದಿನ ಧರಣೇಂದ್ರ ಬೇರೆ ಉಪಾಯ ಹೂಡಿದ. ಮೊದಲೇ ಬೇಕಾದಷ್ಟು ಮಾತಾಡಿ ಯಂತ್ರ ತುಂಬಿಸಿಕೊಳ್ಳುವುದು, ಆಮೇಲೆ ಬಾಯಿಗೆ ಬೀಗ. ಸೂರ್ಯ ಮುಳುಗುವ ಮುಂಚೆ ಉಣ್ಣಬೇಕಾದವನು, ಗುಡ್ಡದ ಬುಡದಲ್ಲೇ ಬುತ್ತಿ ಬಿಚ್ಚಿದ. ನಾನೂ ನನ್ನ ಡಬ್ಬಿ ತೆರೆದೆ, ಅದರಲ್ಲಿ ಜೈನರು ಮುಟ್ಟದ ಈರುಳ್ಳಿಯಿತ್ತು.

"ಉಳ್ಳಾಗಡ್ಡಿ ತಂದೀಯೇನ? ನನ್ನ ಮುಂದ?"

"ನನ್ನ ಬುತ್ತಿ, ನನ್ನ ಬಾಯಿ. ನಿನಗೇನು?"

"ವಾಸನಿ ನನ್ನ ಮೂಗಿಗೂ ಬಡೀತೈತಲ್ಲ."

"ಮೂಗು ಅತ್ತಾಗ ತಿರುವಿಕೋ. ದಿನಾ ಮುಂಜಾನೆ ನೀ ಹಾಡತೀಯಲ್ಲ, ನಾ ಕಿವಿ ಎಲ್ಲಿ ತಿರುವಲಿ?"

"ಹಾಡು ಕೇಳಸತೈತೇನ ನಿನಗ?"

"ಇಡೀ ಓಣಿಗೆ ಕೇಳಸತೈತಿ. ತಪ್ಪುತಪ್ಪು ಹಾಡತಿ."

"ಹಂಗಾದ್ರ ಒಂದಿನ ಬಂದು ತಿದ್ದಬೇಕಿತ್ತಪಾ," ಎಂದ ಅವನು, ಸ್ವಲ್ಪ ತಗ್ಗಿದ ದನಿಯಲ್ಲಿ. "ಪದ್ಮವ್ವ ತಿದ್ದತಿದ್ಲು."

ಎರಡನೆಯ ದೀಪ ಹತ್ತಿತು, ಮೂರನೆಯದೂ ಹತ್ತಿತು. ನಾನು ಪದ್ಮವ್ವನ ವಿಷಯ ಕೇಳಿದೆ. ಅವನು ಹೇಳಿದ. ಅವನು ನನ್ನ ಪ್ರೆಸ್ಸಿನ ವಿಷಯ ಕೇಳಿದ. ಮದುವೆ ಯಾಕಾಗಲಿಲ್ಲವೆಂದು ಕೇಳಿದ್ದಕ್ಕೆ ರೇಗಿದೆ. ಆಮೇಲೆ ಅದನ್ನೂ ಹೇಳಿದೆ. ನಾಲ್ಕನೆಯ ದೀಪ ಹತ್ತಿದ್ದನ್ನು ಇಬ್ಬರೂ ಗಮನಿಸಲಿಲ್ಲ. ಗುಡ್ಡ ಹತ್ತುವಾಗಲೂ ಮಾತು ನಡೆದೇ ಇತ್ತು. ಯಂತ್ರ ಬಿಸಿಯಾಗಿ ಚೀಲದೊಳಗೆ ಗುಂಯ್ ಎನ್ನುತ್ತಿತ್ತು.

ಕಾರೆಕಂಟಿಗಳ ಹಿಂದೆ ಕುಳಿತು ಬಾಯಿ ಮುಚ್ಚಿದೆವು. ಅದೇ ಹೊತ್ತಿಗೆ, ಅದೇ ದಿಬ್ಬಕ್ಕೆ ತೋಳ ಬಂತು. ಕ್ಯಾಮೆರಾ ಜೀವಂತವಾಗಿತ್ತು. ಧರಣೇಂದ್ರನ ಬೆರಳು ಗುಂಡಿಯ ಮೇಲಿತ್ತು. ಆಗ ಯಂತ್ರ ಉಕ್ಕಿತು!

ತುಂಬಿದ ಕೊಡ ಚೆಲ್ಲುವ ಹಾಗೆ, ಒಳಗೆ ಹಿಡಿಸದ ಮಾತೆಲ್ಲ ಹೊರಗೆ ಬಂತು. ಉಳ್ಳಾಗಡ್ಡಿ, ಪದ್ಮವ್ವ, ಪ್ರೆಸ್ಸು, ಹಾಡು, ಎಲ್ಲ ಒಂದರೊಳಗೊಂದು ಬೆರೆತು ಒಂದೇ ಉದ್ದನೆಯ ದನಿಯಾಗಿತ್ತು: "ಊ... ಊ..."

ತೋಳ ಓಡಲಿಲ್ಲ. ಹರಿದ ಕಿವಿ ನಿಮಿರಿತು. ಅದು ಕುತ್ತಿಗೆ ಎತ್ತಿ, ನಿಧಾನವಾಗಿ ಉತ್ತರ ಕೊಟ್ಟಿತು.

ಉತ್ತರ ಸಿಕ್ಕಿದರೆ ಯಂತ್ರಕ್ಕೆ ಮತ್ತೇನು ಬೇಕು? ನಾಲ್ಕೂ ದೀಪ ಒಮ್ಮೆಲೇ ಝಗ್ಗೆಂದವು. ತುಂಬಿತು, ಮತ್ತೆ ಉಕ್ಕಿತು, ತೋಳ ಮತ್ತೆ ಉತ್ತರಿಸಿತು. ಆ ಹೊಡೆತಕ್ಕೆ ಕ್ಯಾಮೆರಾದೊಳಗಿಂದ ಚಟ್ ಎಂದು ಶಬ್ದ ಬಂದು ಹೊಗೆ ಎದ್ದಿತು. ನಮ್ಮಿಬ್ಬರ ಫೋನುಗಳನ್ನೂ ಯಂತ್ರಕ್ಕೇ ಚುಚ್ಚಿದ್ದೆವು. ಅವೂ ಹೋದವು.

"ತಂತಿ ಕೀಳೋ! ಯಂತ್ರ ಆರಿಸು," ಎಂದೆ.

ಅವನು ತಂತಿ ಕಿತ್ತ. ಯಂತ್ರವನ್ನು ಆರಿಸಲು ಕೈ ಚಾಚಿದವನು ಹಾಗೇ ನಿಂತ. ದಿಬ್ಬದ ಮೇಲೆ ತೋಳ ಕಾಯುತ್ತಿತ್ತು. ಯಂತ್ರ ಕೂಗಿತು, ತೋಳದ ಬಾಲ ಸಣ್ಣಗೆ ಆಡಿತು.

"ಇರಲಿ ಬಿಡೋ, ಫಕೀರಪ್ಪ," ಎಂದ.

"ವರ್ಷಗಟ್ಟಲೆ ಕುಂತು ಮಾಡೀಯಲ್ಲೋ."

"ಹೌದು. ಆದ್ರ ಆರಿಸಿದ್ರ ಆ ತೋಳಕ್ಕ ಹೆಂಗ ಅನಸತೈತಿ ಅಂಬೂದು ನನಗ ಗೊತ್ತೈತಿ."

ನನಗೂ ಗೊತ್ತಿತ್ತು. ಯಂತ್ರವನ್ನು ಒಂದು ಬಂಡೆಯ ಮರೆಗೆ, ಗಾಳಿಗೆ ಬೀಳದ ಹಾಗೆ ನಾನೇ ಇಟ್ಟೆ. ಫೋಟೊ ಇಲ್ಲ, ಕ್ಯಾಮೆರಾ ಇಲ್ಲ, ದಾರಿಗೆ ಬೆಳಕೂ ಇಲ್ಲ. ಎಡವದಿರಲೆಂದು ಒಬ್ಬರಿಗೊಬ್ಬರು ಕಲ್ಲು, ಮುಳ್ಳು, ತಗ್ಗು ಹೇಳುತ್ತ ಇಳಿದೆವು. ತಗ್ಗು ಮುಗಿದ ಮೇಲೂ ಮಾತು ಮುಗಿಯಲಿಲ್ಲ.

ಮರುದಿನ ಹೊತ್ತು ಮುಳುಗುವ ಮುಂಚೆ ಧರಣೇಂದ್ರ ನನ್ನ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಬುತ್ತಿ ಹಿಡಿದು.

"ಯಂತ್ರ ಇಲ್ಲಲ್ಲೋ. ಮತ್ತ್ಯಾಕ ಬಂದಿ?"

"ಹಂಗ ಬಂದೆ. ಉಳ್ಳಾಗಡ್ಡಿ ಅತ್ತಾಗ ತಗದಿಡು."

ತೆಗೆದಿಟ್ಟೆ. ಅಂದಿನಿಂದ ತೆಗೆದಿಡುತ್ತಲೇ ಇದ್ದೇನೆ. ಆ ಗುಡ್ಡದ ತೋಳ ಈಗ ಸಂಜೆಯಾದರೆ ಉಳ್ಳಾಗಡ್ಡಿಯ ವಿಷಯವಾಗಿ ಜಗಳ ತೆಗೆಯುತ್ತದೆ ಎಂದು ಕುರಿ ಕಾಯುವವರು ಹೇಳಿಕೊಂಡು ತಿರುಗುತ್ತಿದ್ದಾರೆ. ಅದು ಎಷ್ಟು ತಪ್ಪು ಮಾತಾಡುತ್ತದೋ ಹೋಗಿ ಕೇಳಿ ತಿದ್ದಬೇಕೆಂದಿದ್ದೇನೆ, ಆದರೆ ಬಿಡುವಿಲ್ಲ. ಸಂಜೆ ನಮ್ಮ ಮನೆಯಲ್ಲಿ ಜನ ಇರುತ್ತಾರೆ.