ಗೌರಕ್ಕನ ಪಿಸುಮಾತು

ಸಿನಿಮಾ ನೋಡುತ್ತಿರುವಾಗ ಮುಂದಿನ ಕತೆಯನ್ನು ಹೇಳಿಬಿಡುವವರಿಗೆ ಏನು ಶಿಕ್ಷೆ ಕೊಡಬೇಕು ಎಂದು ನಾನು ಬಹಳ ತಲೆ ಕೆಡಿಸಿಕೊಂಡಿದ್ದೇನೆ. ಪ್ರೈಮರಿ ಶಾಲೆಯ ಟೀಚರಾದ ನನಗೆ ಗೊತ್ತಿದ್ದ ಶಿಕ್ಷೆಗಳು ಬೆಂಚಿನ ಮೇಲೆ ನಿಲ್ಲಿಸುವುದು ಮತ್ತು ಬಾಯಿ ಮೇಲೆ ಬೆರಳಿಡಿಸುವುದು, ಇಷ್ಟೇ. ಬೆಂಚಿನ ಮೇಲೆ ನಿಲ್ಲಿಸಿದರೆ ಹಿಂದೆ ಕೂತವರಿಗೆ ಪರದೆ ಕಾಣುವುದಿಲ್ಲ. ಬಾಯಿ ಮೇಲೆ ಬೆರಳಿಟ್ಟುಕೊಂಡರೆ ಕಡ್ಲೆಕಾಯಿ ತಿನ್ನುವುದಕ್ಕಾಗುವುದಿಲ್ಲ, ಕಡ್ಲೆಕಾಯಿ ಇಲ್ಲದೆ ನಮ್ಮೂರಿನಲ್ಲಿ ಯಾರೂ ಸಿನಿಮಾ ನೋಡಿದವರಲ್ಲ.

ನಾನು ಮದುವೆಯಾಗಿ ಹತ್ತಿರದ ಮಧುರೆಯಿಂದ ದೊಡ್ಡಬಳ್ಳಾಪುರಕ್ಕೆ ಬಂದ ಕಾಲದಲ್ಲಿ ಸಿನಿಮಾ ಎಂದರೆ ಟೆಂಟು. ಸಂಜೆ ಟೆಂಟಿನ ಮೇಲಿನ ಮೈಕಿನಲ್ಲಿ ದೇವರ ಹಾಡು ಶುರುವಾದರೆ ಸಾಕು, ಬೀದಿ ಬೀದಿಯಲ್ಲೂ ಒಲೆ ಆರಿಸಿ, ಸೆರಗು ಸರಿಮಾಡಿಕೊಂಡು ಓಡುವ ಹೆಂಗಸರೇ. ಒಳಗೆ ಗಂಡಸರು ಒಂದು ಕಡೆ, ನಾವು ಒಂದು ಕಡೆ, ನಡುವೆ ಸೊಂಟದೆತ್ತರದ ಮಣ್ಣಿನ ಗೋಡೆ. ನೆಲಕ್ಕೆ ಮರಳು. ಮುಂದೆ ಕೂತವಳು ಮರಳು ಗುಡ್ಡೆ ಮಾಡಿ ಎತ್ತರಕ್ಕೆ ಕೂತರೆ, ಅವಳ ಹಿಂದಿನವಳು ಇನ್ನೂ ದೊಡ್ಡ ಗುಡ್ಡೆ ಮಾಡುತ್ತಿದ್ದಳು. ಸಿನಿಮಾ ಮುಗಿಯುವ ಹೊತ್ತಿಗೆ ನಮ್ಮ ಕಡೆ ಶಿವಗಂಗೆಯ ಬೆಟ್ಟವೇ ಎದ್ದಿರುತ್ತಿತ್ತು. ಗಂಡಸರ ಕಡೆಯ ಬೀಡಿ ಹೊಗೆ, ಎಲೆಯಡಿಕೆ ಉಗುಳು, ಸಿಳ್ಳೆ, ಇವುಗಳ ಬಗ್ಗೆ ಹೇಳುವುದೇ ಬೇಡ. ಒಮ್ಮೆ ಪೌರಾಣಿಕ ಸಿನಿಮಾ ಬಂದಾಗ ನಮ್ಮತ್ತೆ ಪರದೆಯ ಮೇಲೆ ದೇವರು ಪ್ರತ್ಯಕ್ಷನಾದ ತಕ್ಷಣ ಎದ್ದು ನಿಂತು ಕೈಮುಗಿದುಬಿಟ್ಟರು. ಹಿಂದಿನವರಿಗೆ ಮರೆಯಾಗುತ್ತದಲ್ಲ ಎಂದು ನಾಚಿಕೆಯಿಂದ ತಿರುಗಿ ನೋಡಿದೆ. ಹಿಂದಿನವರೆಲ್ಲ ಆಗಲೇ ಎದ್ದು ನಿಂತು ಕೈಮುಗಿದಿದ್ದರು. ಕೂತಿದ್ದವಳು ನಾನೊಬ್ಬಳೇ, ಆದ್ದರಿಂದ ದೇವರನ್ನು ನೋಡದೆ ಉಳಿದವಳೂ ನಾನೊಬ್ಬಳೇ.

ಇದನ್ನೆಲ್ಲ ಸಹಿಸಿಕೊಂಡೆ. ಸಹಿಸಲಾಗದ್ದು ಗೌರಕ್ಕನ ಪಿಸುಮಾತು. ಗೌರಕ್ಕ ನಮ್ಮ ಎದುರುಮನೆಯವರು. ನಮ್ಮದು ನೇಕಾರರ ಬೀದಿ, ಬೆಳಗಿನಿಂದ ಸಂಜೆಯವರೆಗೆ ಮನೆಮನೆಯಲ್ಲೂ ಮಗ್ಗದ ಸದ್ದು. ಆ ಸದ್ದಿನ ಮೇಲೆ ಮಾತಾಡಿ ಮಾತಾಡಿ ಆ ಬೀದಿಯಲ್ಲಿ ಯಾರಿಗೂ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಗೌರಕ್ಕ ಕಿವಿಯ ಹತ್ತಿರ ಬಂದು ಗುಟ್ಟು ಹೇಳಿದರೆ ಬೀದಿಯ ಕೊನೆಯ ಮನೆಯವರು ಹೌದಾ ಎನ್ನುತ್ತಿದ್ದರು. ಸಾಲದ್ದಕ್ಕೆ ಅವರ ತಮ್ಮ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ. ಹೊಸ ಸಿನಿಮಾ ಮೆಜೆಸ್ಟಿಕ್ಕಿಗೆ ಬಂದರೆ ಗೌರಕ್ಕನಿಗೆ ತಮ್ಮನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿ ಬಸ್ಸು ಹತ್ತುತ್ತಿದ್ದರು. ಹೀಗಾಗಿ ನಮ್ಮ ಟೆಂಟಿಗೆ ಬಂದ ಸಿನಿಮಾವನ್ನೆಲ್ಲ ಅವರು ಮೊದಲೇ ನೋಡಿರುತ್ತಿದ್ದರು, ನಾವು ಅವರ ಬಾಯಲ್ಲಿ ಮೊದಲು ಕೇಳಿ ಆಮೇಲೆ ನೋಡುತ್ತಿದ್ದೆವು. ನಾಯಕಿ ನಗುತ್ತಿದ್ದರೆ, ಪಾಪ ಇನ್ನೊಂದು ಗಳಿಗೆಗೆ ಸಾಯ್ತಾಳೆ ಎಂದು ಕಣ್ಣೊರೆಸಿಕೊಳ್ಳುವರು. ನಾನು ಅಳಬೇಕಾದ ಕಡೆಗಳಿಗೆಲ್ಲ ಮುಂಚೆಯೇ ಅತ್ತು ಮುಗಿಸಿರುತ್ತಿದ್ದೆ.

ಅವರನ್ನು ಬಿಟ್ಟು ಹೋಗಬಾರದೇ ಎಂದು ನೀವು ಕೇಳಬಹುದು. ನಮ್ಮ ಬೀದಿಯಲ್ಲಿ ಹೆಂಗಸರು ಸಿನಿಮಾಕ್ಕೆ ಹೋಗುವುದೆಂದರೆ ಬೀದಿಗೆ ಬೀದಿಯೇ ಹೋಗುವುದು. ಒಬ್ಬಳೇ ಹೋದರೆ ಆರು ತಿಂಗಳು ಯಾರೂ ಸಾರಿಗೆ ಕೊತ್ತಂಬರಿ ಸೊಪ್ಪು ಕೊಡುತ್ತಿರಲಿಲ್ಲ. ಅಲ್ಲದೆ ಬಾಯೊಂದನ್ನು ಬಿಟ್ಟರೆ ಗೌರಕ್ಕನಷ್ಟು ಒಳ್ಳೆಯ ಹೆಂಗಸು ಸಿಕ್ಕುವುದಿಲ್ಲ. ಮೊದಲೇ ಹೋಗಿ ಟವೆಲು ಹಾಸಿ ಜಾಗ ಹಿಡಿಯುವವರು ಅವರು, ಅಳುವ ಕೂಸನ್ನು ಯಾರದೆಂದು ಕೇಳದೆ ತೊಡೆಗೆ ಹಾಕಿಕೊಳ್ಳುವವರು ಅವರು.

ಹೀಗಿರುವಾಗ ಟೆಂಟಿಗೆ ಒಂದು ಪತ್ತೇದಾರಿ ಸಿನಿಮಾ ಬಂತು. ಬಂಗಲೆಯೊಂದರಲ್ಲಿ ಯಜಮಾನನ ಕೊಲೆ, ಕೊಂದವರು ಯಾರೆಂದು ಕೊನೆಯವರೆಗೂ ತಿಳಿಯುವುದಿಲ್ಲವಂತೆ. ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಜೀವಮಾನದಲ್ಲಿ ಒಂದು ಸಿನಿಮಾದ ಕೊನೆಯನ್ನಾದರೂ ನನ್ನ ಕಣ್ಣಿನಿಂದಲೇ ಮೊದಲು ನೋಡಬೇಕು, ಕೊಲೆಗಾರನನ್ನು ನಾನೇ ಕಂಡುಹಿಡಿಯಬೇಕು ಎಂದು ಹಟ ಹುಟ್ಟಿತು. ದಾರಿಯುದ್ದಕ್ಕೂ ಗೌರಕ್ಕನಿಗೆ ಅದನ್ನೇ ಬಿಡಿಸಿ ಹೇಳಿದೆ. ಅಯ್ಯೋ, ನಾನ್ಯಾಕೆ ಹೇಳ್ಲಿ ಬಿಡಿ ಎಂದರು.

ಸಿನಿಮಾ ಶುರುವಾಯಿತು. ಬಂಗಲೆ ಬಂತು, ಕಾರು ಬಂತು, ತೋಟದಲ್ಲಿ ಗಿಡಕ್ಕೆ ನೀರು ಹಾಕುವ ಮುದುಕ ಬಂದ. ಗೌರಕ್ಕ ನನ್ನ ಕಿವಿಗೆ ಬಾಗಿದರು.

"ಟೀಚರಮ್ಮ, ಆ ಮುದುಕನ್ನ ನೋಡ್ಕೊಂಡಿರಿ. ಅವನು ಮುದುಕನೇ ಅಲ್ಲ."

ಗೋಡೆಯಾಚೆ ಗಂಡಸರು ಹೋ ಎಂದರು. ನನಗೆ ಎಲ್ಲಿತ್ತೋ ಸಿಟ್ಟು, ಒಂದನೇ ಕ್ಲಾಸಿನ ಮಕ್ಕಳನ್ನು ಗದರಿಸುವ ದನಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿಯೇಬಿಟ್ಟೆ.

"ಸಿನಿಮಾದಲ್ಲಿ ಮಾತಾಡಬಾರದು ಗೌರಕ್ಕ. ಅದು ಮರ್ಯಾದೆ ಅಲ್ಲ."

ಗೌರಕ್ಕನ ಮುಖ ಸಣ್ಣದಾಯಿತು. ಎರಡು ವೀಳ್ಯದೆಲೆ ಮಡಿಸಿ ಬಾಯಿಗಿಟ್ಟುಕೊಂಡು ಗರಬಡಿದವರಂತೆ ಕೂತರು. ನಾನು ಗೆದ್ದೆ ಎಂದು ಮರಳನ್ನು ಇನ್ನಷ್ಟು ಎತ್ತರಿಸಿಕೊಂಡು ಕೂತೆ. ಆಗ ಬಂತು ನೋಡಿ ಕಷ್ಟ. ನಮ್ಮ ಟೆಂಟಿನ ಮೈಕಿನಲ್ಲಿ ಮಾತು ಯಾವುದು, ಮಳೆ ಯಾವುದು ತಿಳಿಯುತ್ತಿರಲಿಲ್ಲ. ಇಷ್ಟು ದಿನ ನಮಗೆಲ್ಲ ಸಿನಿಮಾ ಅರ್ಥವಾಗುತ್ತಿದ್ದುದು ಗೌರಕ್ಕನಿಂದ ಎಂಬುದು ಅವರು ಸುಮ್ಮನಾದ ಮೇಲೆಯೇ ಗೊತ್ತಾದದ್ದು. ಕೋಟು ಹಾಕಿದವನು ಸತ್ತವನ ತಮ್ಮನೋ ಭಾವಮೈದುನನೋ ಎಂದು ಹಿಂದಿನವರು ಕೇಳಿದರು. ಗೌರಕ್ಕ ಬಾಯಿ ಮೇಲೆ ಬೆರಳಿಟ್ಟುಕೊಂಡು ನನ್ನ ಕಡೆ ಕಣ್ಣು ತೋರಿಸಿದರು. ಬಿಳಿ ಸೀರೆಯವಳು ಯಾಕೆ ಓಡುತ್ತಿದ್ದಾಳೆ ಎಂದು ಪಕ್ಕದವರು ಕೇಳಿದರು. ಮತ್ತೆ ಬೆರಳು, ಮತ್ತೆ ಕಣ್ಣು. ಸ್ವಲ್ಪ ಹೊತ್ತಿಗೆ ಹೆಂಗಸರ ಕಡೆಯ ಟೆಂಟೆಲ್ಲ ಪರದೆ ಬಿಟ್ಟು ನನ್ನನ್ನು ನುಂಗುವಂತೆ ನೋಡತೊಡಗಿತು. ಯಾಕೆ ಓಡುತ್ತಿದ್ದಾಳೆಂದು ನನಗೂ ಗೊತ್ತಿರಲಿಲ್ಲ. ಕೇಳುವುದಕ್ಕೆ ಬಾಯಿ ಬರಲಿಲ್ಲ.

ಅಂತೂ ಕತೆ ಕೊನೆಗೆ ಬಂತು. ಪತ್ತೇದಾರ ಎಲ್ಲರನ್ನೂ ಬಂಗಲೆಯ ಹಜಾರದಲ್ಲಿ ನಿಲ್ಲಿಸಿ, ಕೊಲೆ ಮಾಡಿದವರು ಇಲ್ಲೇ ಇದ್ದಾರೆ ಎಂದು ಬೆರಳೆತ್ತಿದ. ನಾನು ಮರಳಿನ ಗುಡ್ಡೆಯ ಮೇಲೆ ಮಂಡಿಯೂರಿ ಕತ್ತು ಚಾಚಿದೆ. ಅಷ್ಟರಲ್ಲಿ ಪರದೆ ಬೆಳ್ಳಗಾಯಿತು, ದೀಪ ಹತ್ತಿತು. ವಿಷಯ ಏನೆಂದರೆ, ಊರಿನ ಆ ತುದಿಯ ಟೆಂಟಿಗೂ ನಮ್ಮ ಟೆಂಟಿಗೂ ಸೇರಿ ಒಂದೇ ಪ್ರಿಂಟು. ಅಲ್ಲಿ ಓಡಿ ಮುಗಿದ ರೀಲನ್ನು ಸೈಕಲ್ಲಿನಲ್ಲಿ ಇಲ್ಲಿಗೆ ತರಬೇಕು. ಕೊನೆಯ ರೀಲು ಹೊತ್ತ ಸೈಕಲ್ಲು ದಾರಿಯಲ್ಲಿ ಪಂಕ್ಚರ್ ಆಗಿದೆ ಎಂದು ಸುದ್ದಿ ಬಂತು.

ಹೆಂಗಸರೆಲ್ಲ ಗೌರಕ್ಕನನ್ನು ಮುತ್ತಿಕೊಂಡರು. ಗೌರಕ್ಕ ನಿಧಾನವಾಗಿ ಎಲೆ ಅಗಿದು ಮುಗಿಸಿದರು.

"ಸಿನಿಮಾದಾಗೆ ಮಾತಾಡಬಾರದಂತೆ ಕಣ್ರಮ್ಮ. ಟೀಚರಮ್ಮ ಹೇಳವ್ರೆ. ಅವರು ಹೂಂ ಅಂದ್ರೆ ಹೇಳ್ತೀನಿ."

ಅಷ್ಟು ಜನ ಹೆಂಗಸರು ಒಟ್ಟಿಗೆ ನಿಮ್ಮನ್ನು ನೋಡಿದ್ದಾರೋ ಇಲ್ಲವೋ, ನನ್ನನ್ನು ನೋಡಿದ್ದಾರೆ. ನಾನು ಹೂಂ ಎಂದೆ. ಮತ್ತೆ ನೀವು ಕಿವಿ ಮುಚ್ಕೊಳಿ, ನೀವೇ ಕಂಡುಹಿಡೀಬೇಕು ಅಂದಿದ್ರಲ್ಲ ಎಂದರು ಗೌರಕ್ಕ, ಒಂದಿಷ್ಟೂ ಕುಹಕವಿಲ್ಲದೆ. ನಾನು ಎರಡು ಕಿವಿಗೂ ಬೆರಳಿಟ್ಟುಕೊಂಡೆ. ಆದರೆ ಮಗ್ಗದ ಸದ್ದನ್ನೇ ಗೆದ್ದ ದನಿಗೆ ನನ್ನ ಬೆರಳು ಯಾವ ಲೆಕ್ಕ.

ಗೌರಕ್ಕ ನನ್ನ ಮರಳಿನ ಗುಡ್ಡೆಯನ್ನೇ ಹತ್ತಿ ನಿಂತರು. ಪತ್ತೇದಾರ ನಡೆದ ಹಾಗೆ ನಡೆದರು, ಕೋಟಿನವನು ಬೆವರೊರೆಸಿಕೊಂಡ ಹಾಗೆ ಸೆರಗಿನಿಂದ ಒರೆಸಿಕೊಂಡರು, ಬಿಳಿ ಸೀರೆಯವಳ ಹಾಗೆ ಒಮ್ಮೆ ಚೀರಿದರು. ಅತ್ತ ಗಂಡಸರು ಬೀಡಿ ಆರಿಸಿ ಗೋಡೆಗೆ ಒರಗಿ ನಿಂತರು. ಸಿಳ್ಳೆ ಇಲ್ಲ, ಕೆಮ್ಮಿಲ್ಲ. ಆಮೇಲೆ ಬೆಂಗಳೂರಿನ ದೊಡ್ಡ ಟಾಕೀಸಿನಲ್ಲೂ ನಾನು ಅಂಥ ನಿಶ್ಶಬ್ದ ಕಂಡಿಲ್ಲ. ನನ್ನ ಬೆರಳುಗಳು ಯಾವಾಗ ಕಿವಿ ಬಿಟ್ಟು ಕೆನ್ನೆಗೆ ಇಳಿದಿದ್ದವೋ ತಿಳಿಯದು.

"ಆಗ ಹಿಂದಿನ ಬಾಗಿಲು ಕಿರ್ ಅಂತು. ಎಲ್ರೂ ತಿರುಗಿ ನೋಡ್ತಾರೆ. ಬಾಗಿಲಾಗೆ ನಿಂತಿರೋದು ಯಾರು ಅಂತೀರಾ..."

ಅಷ್ಟು ಹೇಳುವಷ್ಟರಲ್ಲಿ ದೀಪ ಆರಿತು. ಸೈಕಲ್ಲು ಬಂದಿತ್ತು. ಪರದೆಯ ಮೇಲೆ ಬೆಳಕು ಬಿತ್ತು, ಪತ್ತೇದಾರನ ಎತ್ತಿದ ಬೆರಳು ಕಾಣಿಸಿತು. ಟೆಂಟಿಗೆ ಟೆಂಟೇ ಚಪ್ಪಾಳೆ ಹೊಡೆಯುವುದರಲ್ಲಿತ್ತು. ಆಗ ಕತ್ತಲೆಯಲ್ಲಿ ಹೆಂಗಸೊಬ್ಬಳು ಎದ್ದು ನಿಂತು, ಹಿಂದಿನವರಿಗೆಲ್ಲ ಮರೆಯಾಗಿ, ಪ್ರೊಜೆಕ್ಟರಿನ ಕಡೆ ತಿರುಗಿ ಗಟ್ಟಿಯಾಗಿ ಕೂಗಿದಳು.

"ರೀ, ಸ್ವಲ್ಪ ನಿಲ್ಲಿಸ್ರೀ ಅದನ್ನ. ಗೌರಕ್ಕ ಹೇಳಿ ಮುಗಿಸ್ಲಿ."

ಗೋಡೆಯಾಚೆ ಕೂತಿದ್ದ ನಮ್ಮ ಯಜಮಾನರನ್ನು, ಯಾರ್ರೀ ಆ ಮರ್ಯಾದೆ ಇಲ್ಲದ ಹೆಂಗಸು ಎಂದು ಪಕ್ಕದವರು ಕೇಳಿದರಂತೆ. ಯಾರೋ ಹೊರಗಿನೂರಿನವರು ಇರಬೇಕು ಎಂದು ಹೇಳಿ, ನಮ್ಮವರು ಟವೆಲು ಮುಖಕ್ಕೆ ಎಳೆದುಕೊಂಡರಂತೆ.