ಓಡುವ ಗಾಡಿಯ ಫೋಟೋ

ಕ್ಯಾಮೆರಾ ಹಿಡಿದು ಮನೆ ಬಿಟ್ಟ ದಿನ ಏನಾದರೂ ಒಂದು ಆಗದೆ ನಾನು ವಾಪಸ್ ಬಂದದ್ದೇ ಇಲ್ಲ. ನನ್ನ ಕನ್ನಡಕದ ಅಂಗಡಿಗೆ ಬರುವವರಿಗೆ ಇವನ್ನೆಲ್ಲ ಹೇಳಿ ನಗಿಸುತ್ತಿದ್ದೆ. ಒಬ್ಬರು ಮೇಷ್ಟ್ರು, "ಬರೆದಿಡ್ರೀ" ಅಂದರು. ಬರೆದು ಅಭ್ಯಾಸವಿಲ್ಲ. ಹಾಗಾಗಿ ಗೊತ್ತಿರುವುದನ್ನೇ ಮತ್ತೆ ವಿವರಿಸಿದರೆ ಓದುವವರು ಕ್ಷಮಿಸಬೇಕು.

ಮೊದಲು ನನ್ನ ವಿಷಯ. ಅಂಗಡಿ ತಿಪಟೂರಿನಲ್ಲಿ, ಮನೆ ಅರಳಗುಪ್ಪೆ ಕಡೆ ತೋಟದಲ್ಲಿ. ಮನೆಯಲ್ಲಿ ನಾನು, ನನ್ನ ಹೆಂಡತಿ, ಅವ್ವ, ಅಟ್ಟದ ತುಂಬ ತೆಂಗಿನಕಾಯಿ. ಹವ್ಯಾಸ ಫೋಟೋ ತೆಗೆಯುವುದು. ಅದರಲ್ಲೂ ರೇಸ್ ಬೈಕು, ರೇಸ್ ಕಾರು. ಮದುವೆ ಫೋಟೋ ಯಾಕೆ ತೆಗೆಯುವುದಿಲ್ಲ ಎಂದು ಕೇಳುತ್ತಾರೆ. ಮದುವೆಯಲ್ಲಿ ಎಲ್ಲರೂ ನಿಂತಿರುತ್ತಾರೆ. ನನಗಿರುವ ಕುತೂಹಲ ಒಂದೇ: ಓಡುವುದನ್ನು ಓಡುತ್ತಿರುವ ಹಾಗೆಯೇ ಕಾಗದದ ಮೇಲೆ ಹಿಡಿಯುವುದು ಹೇಗೆ?

ಕುರಿ ಹಿಡಿಯುವ ವಿದ್ಯೆ

ಕಂದಿಕೆರೆ ಕಡೆ ಒಂದು ಬಯಲಿನಲ್ಲಿ ಮಣ್ಣಿನ ಬೈಕ್ ರೇಸ್ ಇತ್ತು. ನಾನು ನೋಡಿದ ಮೊದಲ ರೇಸ್ ಅದು. ತಿರುವಿನ ಹೊರಮಗ್ಗುಲಲ್ಲಿ ನಿಂತೆ. ಅಲ್ಲಿ ನಿಲ್ಲಬಾರದು ಎಂದು ಆಗ ಗೊತ್ತಿರಲಿಲ್ಲ; ಬೈಕು ತಿರುಗುವಾಗ ಹಿಂದಿನ ಚಕ್ರ ಮಣ್ಣನ್ನು ಹೊರಮಗ್ಗುಲಿಗೇ ಎರಚುತ್ತದೆ. ಅರ್ಧ ದಿನಕ್ಕೆ ಮುನ್ನೂರು ಫೋಟೋ ತೆಗೆದೆ. ಎಲ್ಲದರಲ್ಲೂ ಧೂಳು. ಕೆಲವುಗಳಲ್ಲಿ ಧೂಳಿನ ಪಕ್ಕ ಬೈಕಿನ ಬಾಲ.

ಪಕ್ಕದ ಬೇವಿನ ಮರದಡಿ ಕುರಿ ಮೇಯಿಸುವ ಹಿರಿಯರೊಬ್ಬರು ಕೋಲಿಗೆ ಗಲ್ಲ ಊರಿಕೊಂಡು ಬೈಕು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ ಹತ್ತಿರ ಬಂದರು.

"ಸ್ವಾಮಿ, ಗಾಡಿ ಬಂದ್ ಮ್ಯಾಲೆ ಒತ್ತೀರಲ್ಲಾ, ಅದು ಸಿಕ್ಕದೆಂಗೆ? ಕುರಿ ಇರೋ ತಾವಿಕ್ಕೆ ಕೈ ಹಾಕಿದ್ರೆ ಕುರಿ ಸಿಕ್ಕಲ್ಲ. ಅದು ಹೋಗೋ ತಾವಿಕ್ಕೆ ಹಾಕ್ಬೇಕು."

ಯಾವ ಫೋಟೋಗ್ರಫಿ ವೀಡಿಯೋದಲ್ಲೂ ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ. ಬೈಕು ಬರುವ ಜಾಗಕ್ಕೆ ಮೊದಲೇ ಗುರಿಯಿಟ್ಟು ಕಾದೆ. ಬಂತು, ಒತ್ತಿದೆ, ಸಿಕ್ಕಿತು! ಎಷ್ಟು ಸ್ಪಷ್ಟವೆಂದರೆ ಚಕ್ರದ ಕಡ್ಡಿಗಳನ್ನು ಎಣಿಸಬಹುದಿತ್ತು. ಗುರುಗಳಿಗೆ ಮೊದಲು ತೋರಿಸಬೇಕೆಂದು ಓಡಿದೆ.

ಅವರು ಬಹಳ ಹೊತ್ತು ನೋಡಿ ಹೇಳಿದರು: "ಚೆನ್ನಾಗೈತೆ ಸ್ವಾಮಿ. ಗಾಡಿ ಯಾಕೆ ನಿಲ್ಸ್ಕಂಡವ್ನೆ? ಪೆಟ್ರೋಲ್ ಖಾಲಿ ಆಯ್ತಾ?"

ಷರತ್ತು

ಮನೆಯಲ್ಲಿ ಅವ್ವನೂ ಅದನ್ನೇ ಅಂದರು. "ನಿಂತಿರೋ ಗಾಡಿ ನೋಡಕ್ಕೆ ಅಷ್ಟು ದೂರ ಹೋಗಿದ್ಯೇನ್ಲಾ?"

ಇಲ್ಲಿ ಸ್ವಲ್ಪ ವಿವರಣೆ ಬೇಕು. ಕ್ಯಾಮೆರಾದ ಕಣ್ಣು ಬಹಳ ಬೇಗ ರೆಪ್ಪೆ ಮುಚ್ಚಿದರೆ ಓಡುವುದೂ ನಿಂತ ಹಾಗೆ ಕಾಣುತ್ತದೆ. ರೆಪ್ಪೆಯನ್ನು ನಿಧಾನ ಮಾಡಿ, ಗಾಡಿಯ ಜೊತೆಗೇ ಕ್ಯಾಮೆರಾ ತಿರುಗಿಸುತ್ತ ಹೋದರೆ ಗಾಡಿ ಸ್ಪಷ್ಟವಾಗಿ ಬರುತ್ತದೆ, ಹಿಂದಿನದೆಲ್ಲ ಗೆರೆ ಗೆರೆಯಾಗಿ ಎಳೆದುಕೊಳ್ಳುತ್ತದೆ. ಆಗ ವೇಗ ಕಾಣುತ್ತದೆ. ಓದಿ ತಿಳಿದುಕೊಂಡಿದ್ದೆ, ಕೈಗೆ ಬಂದಿರಲಿಲ್ಲ.

ಅಷ್ಟರಲ್ಲಿ ಗಂಡ ಹೆಂಡತಿ ಇಬ್ಬರೂ ಮಲೇಷ್ಯಾ ಪ್ರವಾಸಕ್ಕೆ ಹೊರಡುವುದೆಂದಾಯಿತು. ಆ ವಾರವೇ ಅಲ್ಲಿ ಕಾರ್ ರೇಸ್ ಇರುವುದು ಆಕಸ್ಮಿಕ ಎಂದು ಹೆಂಡತಿಗೆ ಹೇಳಿದೆ. ಅವಳು ನಂಬಲಿಲ್ಲ.

"ಒಂದು ದಿನ ರೇಸಿಗೆ ಬರ್ತೀನಿ ಕಣ್ರೀ. ಆದ್ರೆ ವಾಪಸ್ ಬಂದ್ಮೇಲೆ ಅತ್ತೆ ಫೋಟೋ ನೋಡಿ, ತಾವಾಗೇ 'ಕಾರು ಓಡ್ತಾ ಐತೆ' ಅನ್ಬೇಕು. ಅನ್ನದೆ ಇದ್ರೆ ಈ ಕ್ಯಾಮೆರಾ ನನ್ನ ತಮ್ಮನಿಗೆ."

ಅವಳ ತಮ್ಮ ತುರುವೇಕೆರೆಯಲ್ಲಿ ಮದುವೆ ಫೋಟೋಗ್ರಾಫರ್. ನನ್ನ ಲೆನ್ಸನ್ನು ಕಂಡಾಗಲೆಲ್ಲ ಮಗುವಿನ ಕೆನ್ನೆ ಸವರಿದ ಹಾಗೆ ಸವರುತ್ತಾನೆ. "ಒಪ್ಪಿದೆ" ಅಂದೆ.

ಹೆದ್ದಾರಿಯಲ್ಲಿ ಅಭ್ಯಾಸ

ಅಭ್ಯಾಸಕ್ಕೆ ವೇಗದ ಗಾಡಿ ಬೇಕಲ್ಲ. ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ತಿಪಟೂರಿನ ಹೊರಗೆ ಹೆದ್ದಾರಿ ಪಕ್ಕ ನಿಲ್ಲತೊಡಗಿದೆ. ಬಿಸಿಲಿಗೆ ಟೋಪಿ, ಧೂಳಿಗೆ ಖಾಕಿ ಬಣ್ಣದ ಅಂಗಿ, ಕೈಯಲ್ಲಿ ಮೊಳದುದ್ದದ ಲೆನ್ಸು.

ಒಂದು ವಿಚಿತ್ರ ಗಮನಿಸಿದೆ. ದೂರದಲ್ಲಿ ಹಾರಿಕೊಂಡು ಬರುವ ಗಾಡಿ ನನ್ನ ಹತ್ತಿರ ಬರುವಷ್ಟರಲ್ಲಿ ದಿಬ್ಬಣದ ಗಾಡಿಯ ಹಾಗೆ ನಿಧಾನವಾಗುತ್ತಿತ್ತು. ಕಾರಿನವರು ಅವಸರದಲ್ಲಿ ಬೆಲ್ಟ್ ಎಳೆದುಕೊಳ್ಳುತ್ತಿದ್ದರು. ಬೈಕಿನವರ ಹೆಲ್ಮೆಟ್ಟು ಕನ್ನಡಿಯಿಂದ ತಲೆಗೆ ಹಾರುತ್ತಿತ್ತು. ನಾನು ಕೈಬೀಸಿ, "ಜೋರಾಗಿ ಹೋಗ್ರೀ!" ಎಂದು ಕೂಗಿದರೆ ಪೂರ್ತಿ ನಿಂತೇಬಿಡುತ್ತಿದ್ದರು. ತೆಂಗಿನಕಾಯಿ ಲಾರಿಯವನೊಬ್ಬ ಇಳಿದು ಬಂದು, "ಸಾರ್, ಎಲ್ಲಾ ಪೇಪರ್ ಐತೆ, ನೋಡ್ಕಳಿ" ಎಂದು ಚೀಲವನ್ನೇ ನನ್ನ ಕೈಗೆ ಕೊಟ್ಟ.

ಆಗ ಅರ್ಥವಾಯಿತು. ನನ್ನ ಲೆನ್ಸನ್ನು ಎಲ್ಲರೂ ವೇಗ ಅಳೆಯುವ ಯಂತ್ರ ಎಂದುಕೊಂಡಿದ್ದರು.

ನಾಲ್ಕನೇ ದಿನ ನಿಜವಾದ ಟ್ರಾಫಿಕ್ ಪೇದೆಯೊಬ್ಬರು ಬಂದು ಬೈಕು ನಿಲ್ಲಿಸಿದರು. ಇದು ಬರೀ ಕ್ಯಾಮೆರಾ, ನನ್ನದು ಕನ್ನಡಕದ ಅಂಗಡಿ, ಅಂಗಿಯ ಬಣ್ಣ ಆಕಸ್ಮಿಕ, ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡು, ಸಾಲಾಗಿ ನಿಧಾನಕ್ಕೆ ಹೋಗುತ್ತಿದ್ದ ಗಾಡಿಗಳನ್ನು ನೋಡಿ, ಮೆಲ್ಲಗೆ ಕೇಳಿದರು:

"ನಾಳೆನೂ ಬತ್ತೀರಾ ಸಾರ್?"

ಬೆಂಕಿ ಹತ್ತುವ ವಸ್ತು

ಹೊರಡುವ ದಿನ ಅವ್ವ ನನ್ನ ಸೂಟ್‌ಕೇಸಿನಲ್ಲಿ, ನನಗೆ ಹೇಳದೆ, ಪಂಚೆಯೊಳಗೆ ಸುತ್ತಿ ಎಂಟು ಉಂಡೆ ಕೊಬ್ಬರಿ ಇಟ್ಟಿದ್ದರು. ಅಲ್ಲಿಯ ಊಟ ಸೇರದಿದ್ದರೆ ಬೆಲ್ಲದ ಜೊತೆ ತಿನ್ನಲಿ ಎಂದು. ಬೇರೆ ಕಡೆಯವರಿಗಾಗಿ ಹೇಳುತ್ತೇನೆ: ಕಾಯಿಯನ್ನು ಅಟ್ಟದ ಮೇಲೆ ವರ್ಷದ ತನಕ ಬಿಟ್ಟರೆ ಒಳಗಿನ ನೀರೆಲ್ಲ ಇಂಗಿ ತಿರುಳು ಚಿಪ್ಪು ಬಿಡುತ್ತದೆ, ಅಲ್ಲಾಡಿಸಿದರೆ ಲೊಟಕ್ ಎನ್ನುತ್ತದೆ. ಆಮೇಲೆ ಸುಲಿದು ಒಡೆದರೆ ಇಡೀ ಉಂಡೆ ಬರುತ್ತದೆ.

ವಿಮಾನ ನಿಲ್ದಾಣದಲ್ಲಿ ನನ್ನ ಹೆಸರು ಕೂಗಿದರು. ತಪಾಸಣೆಯ ಹೆಣ್ಣುಮಗಳು ಪರದೆ ತೋರಿಸಿದಳು. ಪಂಚೆಯ ನಡುವೆ ಎಂಟು ಗುಂಡುಗಳು.

"ಸಾರ್, ಕೊಬ್ಬರಿ ಬಿಡಲ್ಲ. ಎಣ್ಣೆ ಇರತ್ತೆ, ಬೆಂಕಿ ಹತ್ತೋ ವಸ್ತು."

ನಮ್ಮ ತಾಲ್ಲೂಕಿನ ಮರ್ಯಾದೆಯ ಪ್ರಶ್ನೆ ಎನಿಸಿತು. "ಅಮ್ಮಾ, ನಮ್ಮನೆ ಅಟ್ಟದಲ್ಲಿ ಸಾವಿರಾರು ಕಾಯಿದೆ. ನಮ್ಮ ತಾತನ ಕಾಲದಿಂದ ಅದರ ಕೆಳಗೇ ಮಲಗ್ತೀವಿ. ಕೆಳಗೆ ಸೌದೆ ಒಲೆ ಬೇರೆ ಉರಿಯತ್ತೆ. ಇವತ್ತಿನವರೆಗೂ ಏನೂ ಆಗಿಲ್ಲ!"

ಅವಳು ಉಂಡೆಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಡುತ್ತ ಹೇಳಿದಳು: "ನಮ್ಮದು ಚಿಕ್ಕನಾಯಕನಹಳ್ಳಿ ಸಾರ್. ನಮ್ಮನೆ ಅಟ್ಟದಲ್ಲೂ ಇದೆ. ಆದ್ರೆ ನಮ್ಮನೆ ಹಾರಲ್ಲ."

ಜಾಲರಿ

ಮಲೇಷ್ಯಾದ ರೇಸ್ ಮೈದಾನ ನಮ್ಮ ಮೂರು ಕೆರೆಗಳಷ್ಟು ದೊಡ್ಡದು. ಸದ್ದು ಕಿವಿಗಲ್ಲ, ನೇರ ಹೊಟ್ಟೆಗೆ ಬಡಿಯುತ್ತದೆ. ಹೆಂಡತಿ ಕಿವಿಗೆ ಹತ್ತಿ ಇಟ್ಟುಕೊಂಡಳು. ನಾನು ಏನು ಹೇಳಿದರೂ "ಹ್ಞೂಂ" ಅನ್ನುತ್ತಿದ್ದಳು. ಮದುವೆಯಾದ ಮೇಲೆ ಇಷ್ಟು ಹೊಂದಾಣಿಕೆ ಅದೇ ಮೊದಲು.

ನೋಡುಗರ ಜಾಗಕ್ಕೂ ರಸ್ತೆಗೂ ನಡುವೆ ಎತ್ತರದ ತಂತಿ ಜಾಲರಿ. ಪ್ರೇಕ್ಷಕರು ನಿಲ್ಲಬೇಕಾದದ್ದು ಅದರ ಹಿಂದೆಯೇ. ನಾಲ್ಕು ಹೆಜ್ಜೆ ದೂರ ನಿಂತು ನೂರಾರು ಒತ್ತಿದೆ. ಆಮೇಲೆ ನೋಡಿದರೆ ಪ್ರತಿಯೊಂದರಲ್ಲೂ ಜಾಲರಿ ಕನ್ನಡಿಯಂತೆ ಸ್ಪಷ್ಟ, ಅದರ ಹಿಂದೆ ಏನೋ ಕೆಂಪಗೆ.

ಹೆಂಡತಿ ಇಣುಕಿ ನೋಡಿದಳು. "ತಂತಿ ಚೆನ್ನಾಗಿ ಬಂದಿದೆ ಕಣ್ರೀ. ಎಲ್ಲಿ ಸಿಗತ್ತೆ ಕೇಳಿ, ನಮ್ಮ ಕೋಳಿಗೂಡಿಗೆ ಬೇಕಿತ್ತು."

ನನಗೆ ಅಳು ಬರುವ ಹಾಗಾಯಿತು. ಕಣ್ಣ ಮುಂದೆ ಬಾಮೈದ ಲೆನ್ಸ್ ಸವರುತ್ತಿದ್ದ. ಪಕ್ಕದಲ್ಲಿ ಕ್ಯಾಮೆರಾ ಹಿಡಿದು ಕೂತಿದ್ದ ಅಲ್ಲಿಯ ಮುದುಕರೊಬ್ಬರು ನನ್ನ ಮುಖ ನೋಡಿ ಎದ್ದು ಬಂದರು. ಭಾಷೆ ಗೊತ್ತಿಲ್ಲ. ತಮ್ಮ ಬೆರಳನ್ನು ದೂರ ಹಿಡಿದು ತೋರಿಸಿದರು: ಕಾಣುತ್ತದೆ. ನಿಧಾನಕ್ಕೆ ಕಣ್ಣಿಗೆ ಅಂಟುವಷ್ಟು ಹತ್ತಿರ ತಂದರು: ಮಾಯ! ನನ್ನ ಲೆನ್ಸನ್ನು ಜಾಲರಿಗೆ ತಾಗಿಸಿ ಹಿಡಿಸಿದರು. ತಂತಿ ಕರಗಿ ಹೋಯಿತು, ರಸ್ತೆ ಮಾತ್ರ ಉಳಿಯಿತು.

ಹೆಂಡತಿ ಒಂದು ಕಿವಿಯ ಹತ್ತಿ ತೆಗೆದು ಕೇಳಿದಳು: "ಇಪ್ಪತ್ತು ವರ್ಷದಿಂದ ಕನ್ನಡಕ ಮಾರ್ತಿರೋದು ನೀವಾ, ಅವರಾ?"

ತೀರ್ಪು

ಕೊನೆಯ ಸುತ್ತುಗಳಲ್ಲಿ ಅದು ಸಿಕ್ಕಿತು. ಕೆಂಪು ಕಾರು ಬಂತು, ಅದರ ಜೊತೆಗೇ ಸೊಂಟ ತಿರುಗಿಸಿದೆ, ನಿಧಾನದ ರೆಪ್ಪೆಯಲ್ಲಿ ಒತ್ತಿದೆ. ಕಾರಿನ ಮೇಲಿನ ನಂಬರು, ಚಾಲಕನ ಹೆಲ್ಮೆಟ್ಟು ಸ್ಪಷ್ಟ. ಅದರ ಹಿಂದೆ ಎದುರು ದಿಬ್ಬದ ಹುಲ್ಲಿನ ಮೇಲೆ ಕೊಡೆ ಹಿಡಿದು ಸುಮ್ಮನೆ ನಿಂತಿದ್ದ ಜನರೆಲ್ಲ ಅಡ್ಡ ಅಡ್ಡ ಗೆರೆಯಾಗಿ ಎಳೆದುಕೊಂಡಿದ್ದರು. ಪುಸ್ತಕದಲ್ಲಿ ಇರುವಂಥದ್ದೇ ಫೋಟೋ. ಮುದುಕರು ಬೆನ್ನು ತಟ್ಟಿದರು.

ಊರಿಗೆ ಬಂದವನೇ ಬಾಗಿಲಗಲ ಪ್ರಿಂಟ್ ಹಾಕಿಸಿದೆ. ಬಾಮೈದ ತುರುವೇಕೆರೆಯಿಂದ ಬಂದಿದ್ದ, ಖಾಲಿ ಕ್ಯಾಮೆರಾ ಬ್ಯಾಗಿನ ಸಮೇತ. ಅವ್ವನ ಕನ್ನಡಕವನ್ನು ನಾನೇ ಒರೆಸಿ ಹಾಕಿದೆ. ಅದರ ನಂಬರು ಪರೀಕ್ಷಿಸಿದ್ದೂ ನಾನೇ, ಆದ್ದರಿಂದ ಆಮೇಲೆ ಕನ್ನಡಕದ ಮೇಲೆ ತಪ್ಪು ಹೊರಿಸುವ ದಾರಿಯಿರಲಿಲ್ಲ. ಯಾರೂ ಏನೂ ಹೇಳಿಕೊಡಬಾರದು ಎಂದು ಹೆಂಡತಿ ಎಲ್ಲರ ಬಾಯಿ ಮುಚ್ಚಿಸಿದಳು.

ಅವ್ವ ಫೋಟೋದ ಈ ತುದಿಯಿಂದ ಆ ತುದಿಗೆ ಬೆರಳಾಡಿಸಿದರು. ಹತ್ತಿರ ಹೋದರು. ಹಿಂದೆ ಸರಿದರು. ಮುಖದ ಮೇಲೆ ಗಾಬರಿ ಕಾಣಿಸಿತು.

"ಅಯ್ಯೋ, ಇದೇನ್ ಕಣಪ್ಪಾ? ಕಾರು ನಿಂತೈತೆ. ಜನ ಯಾಕಿಂಗೆ ದಿಕ್ಕಾಪಾಲಾಗಿ ಓಡ್ತಾವ್ರೆ?"

ಬಾಮೈದ ಬ್ಯಾಗಿನ ಜಿಪ್ ತೆಗೆದು ನನ್ನ ಕ್ಯಾಮೆರಾ ಕೈಗೆತ್ತಿಕೊಂಡ. ನಾನು ಪಕ್ಕದಲ್ಲಿ ಕೂತು, ಓಡಿದ್ದು ಕಾರು, ಜನ ನಿಂತಿದ್ದರು, ಕ್ಯಾಮೆರಾ ಕಾರಿನ ಜೊತೆ ತಿರುಗಿದ್ದರಿಂದ ಹೀಗೆ, ಎಂದು ಕೈ ಆಡಿಸಿ, ಕತ್ತು ತಿರುಗಿಸಿ, ಎದ್ದು ನಿಂತು ವಿವರಿಸಿದೆ. ಅವ್ವನ ಕಿವಿಗೆ ಒಂದೂ ಬೀಳಲಿಲ್ಲ. ಕಣ್ಣೆಲ್ಲ ಆ ಜನರ ಮೇಲೇ ಇತ್ತು.

"ಪಾಪ, ಕೊಡೆ ಸಮೇತ ಓಡ್ತಾವ್ರಲ್ಲಾ. ಏನ್ ಬಂತೋ ಏನೋ. ನೀನೇನ್ಲಾ, ಅಂಥದ್ರಲ್ಲಿ ಕಾರು ನೋಡ್ಕಂಡ್ ನಿಂತಿದ್ಯಾ? ಏನಾಯ್ತು ಅಂತ ಒಂದ್ ಮಾತು ಕೇಳ್ಲಿಲ್ವಾ?"

"ಇಲ್ಲವ್ವಾ" ಅಂದೆ.

ಅವ್ವ ಬಾಮೈದನ ಕೈಯಿಂದ ಕ್ಯಾಮೆರಾ ಕಿತ್ತು ನನ್ನ ತೊಡೆಯ ಮೇಲಿಟ್ಟರು. "ಹಂಗಾದ್ರೆ ಮುಂದ್ಲೊರ್ಸ ಇನ್ನೊಂದ್ ಸಲ ಹೋಗಿ, ವಿಚಾರಿಸ್ಕಂಡ್ ಬಾ."