ಕೊಡೆ ರಿಪೇರಿಯವನ ಮನೆ

ಕೌಂಟರಿನ ಕಿಂಡಿ ಮುಚ್ಚಲು ಇನ್ನು ನಾಲ್ಕೇ ನಿಮಿಷವಿತ್ತು. ಆ ನಾಲ್ಕು ನಿಮಿಷ ಮೊದಲೇ ಮುಚ್ಚಿಬಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ಆದರೆ ಜನನ ಮರಣಗಳ ದಾಖಲೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕೂತವಳಿಗೆ, ಬೀದಿಯವರೆಲ್ಲ ದಫ್ತರದಕ್ಕ ಎಂದೇ ಕರೆಯುವವಳಿಗೆ, ಗಡಿಯಾರಕ್ಕಿಂತ ಮುಂಚೆ ಕುರ್ಚಿಯಿಂದ ಏಳುವ ಅಭ್ಯಾಸವಿರಲಿಲ್ಲ. ಕಿಂಡಿಯೊಳಗೆ ಒಂದು ಕೈ ಬಂತು. ಕೈಯಲ್ಲಿ ದಪ್ಪನೆಯ ಫೈಲು, ಫೈಲಿನ ಹಿಂದೆ ಬಿಸಿಲಿಗೆ ಟೊಮೆಟೊ ಹಣ್ಣಾಗಿದ್ದ ಒಂದು ಮುಖ, ಆ ಮುಖದ ಹಿಂದೆ ಇನ್ನೂ ಆರು ಮುಖ.

"ಅಕ್ಕೋರೇ, ನಾವು ಹೊರದೇಶದಿಂದ ಬಂದಿದೀವಿ. ನಮ್ಮ ಮುತ್ತಜ್ಜ ಈ ಊರಿನೋರಂತೆ. ಸ್ವಲ್ಪ ಹುಡುಕಿಕೊಡ್ತೀರಾ?"

ಬೇಸಿಗೆ ಬಂತೆಂದರೆ ನೊಣಗಳ ಜೊತೆ ಇವರೂ ಬರುತ್ತಾರೆ. ಬದುಕಿದ್ದಾಗ ಒಂದು ಕಾಗದ ಬರೆಯದ ಅಜ್ಜಂದಿರನ್ನು ಸತ್ತು ಅರವತ್ತು ವರ್ಷವಾದ ಮೇಲೆ ವಿಮಾನ ಹತ್ತಿ ಹುಡುಕಿಕೊಂಡು ಬರುತ್ತಾರೆ. ಅವಳು ರಿಜಿಸ್ಟರು ತೆಗೆದು ತೋರಿಸುತ್ತಾಳೆ. ಕೊನೆಗೆ ಪ್ರತಿಯೊಬ್ಬರಿಗೂ ಒಂದೇ ಪಾಠ ಒಪ್ಪಿಸುತ್ತಾಳೆ: "ಇದು ಹಳೇ ಮನೆ ನಂಬರು. ಮೂವತ್ತು ವರ್ಷದ ಹಿಂದೆ ಊರಿನ ನಂಬರೆಲ್ಲ ತಿರುಗಿಸಿದಾರೆ. ಆ ತುದಿಯಿಂದ ಎಣಿಸಿ." ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುವಷ್ಟು ಬಾಯಿಪಾಠ.

ಆದರೆ ಇವತ್ತು ಬೇರೆ ದಿನ. ಇವತ್ತು ಅರ್ಧ ದಿನದ ಕೆಲಸ. ಆಮೇಲೆ ಒಂದು ವಾರ ರಜೆ. ಗಂಡ, ಇಬ್ಬರು ಹೆಣ್ಣುಮಕ್ಕಳು, ಅತ್ತೆ ಎಲ್ಲರೂ ಬೆಳಗಿನ ಬಸ್ಸಿಗೆ ನಾದಿನಿಯ ಮನೆಗೆ ಹೋಗಿದ್ದರು. ಮದುವೆಯಾದಾಗಿನಿಂದ ಮನೆ ಒಂದು ದಿನವೂ ಖಾಲಿ ಇದ್ದದ್ದಿಲ್ಲ. ಆಫೀಸಿನಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿ ಅವಳು ಉಳಿದುಕೊಂಡಿದ್ದಳು. ಮುಂದಿನ ಕೋಣೆಯ ಕಿಟಕಿಯ ಪಕ್ಕದ ಮಂಚಕ್ಕೆ ಪೆಟ್ಟಿಗೆಯಲ್ಲಿದ್ದ ಹೊಸ ಹೊದಿಕೆ ಹಾಸಿ, ಅಂಗೈಯಲ್ಲಿ ಸುಕ್ಕು ತೀಡಿ ಬಂದಿದ್ದಳು. ಮಲಗುವುದು. ಆಮೇಲೆ? ಆಮೇಲಿನದ್ದು ಯೋಚಿಸಿರಲಿಲ್ಲ. ಮನೆಯ ಯಾವ ಮೂಲೆಯಿಂದ ಯಾರು ಕರೆದರೂ ಅವಳ ಬಾಯಿಂದ "ಬಂದೆ" ಎಂಬ ಮಾತು ತಾನಾಗಿ ಉದುರುತ್ತಿತ್ತು. ಏಳು ದಿನ ಆ ಮಾತು ಆಡದೆ ಇರಬೇಕು, ಅಷ್ಟೇ.

"ಸಮಯ ಆಯ್ತು, ಮುಂದಿನ ವಾರ..." ಎಂದು ಶುರು ಮಾಡಿದಳು.

ಒಳಗಿನಿಂದ ಸಾಹೇಬರ ದನಿ ಬಂತು. "ಪಾಪ, ಅಷ್ಟು ದೂರದಿಂದ ಬಂದಿದಾರೆ. ಬರಿಗೈಲಿ ಕಳಿಸಬೇಡಿ. ಮುಗಿಸಿಕೊಟ್ಟೇ ಹೋಗಿ." ಇಷ್ಟು ಹೇಳಿ ಸಾಹೇಬರು ಚೀಲ ಹೆಗಲಿಗೇರಿಸಿ ಮನೆಗೆ ಹೋದರು.

ಟೊಮೆಟೊ ಮುಖದವನು ಹಿರಿಮಗ. ಮಿಕ್ಕವರು ಅವನ ಹೆಂಡತಿ, ತಮ್ಮ, ತಮ್ಮನ ಹೆಂಡತಿ, ಬೆಳೆದ ಇಬ್ಬರು ಮಕ್ಕಳು. ಎಲ್ಲರ ನಡುವೆ ಒಬ್ಬ ಅಜ್ಜಿ, ಅವನ ತಾಯಿ. ಬಾಗಿಲಿಂದ ಒಳಗೆ ಬಂದ ಅಜ್ಜಿ ಯಾರನ್ನೂ ಕೇಳದೆ ಕೋಣೆಯಲ್ಲಿದ್ದ ಒಂದೇ ಒಂದು ಕುರ್ಚಿಯಲ್ಲಿ, ಅಂದರೆ ದಫ್ತರದಕ್ಕನ ಕುರ್ಚಿಯಲ್ಲಿ, ಕೂತು ಮಂಡಿ ನೀವಿಕೊಳ್ಳತೊಡಗಿದರು.

"ಮುತ್ತಜ್ಜ ಏನು ಕೆಲಸ ಮಾಡ್ತಿದ್ರು?"

"ಕೊಡೆ ರಿಪೇರಿ ಅಂತ ನಮ್ಮ ಸೋದರಮಾವ ಹೇಳೋರು," ಎಂದ ಹಿರಿಮಗ.

"ಬೀಗ ರಿಪೇರಿ ಅಲ್ವೇನೋ?" ಎಂದ ತಮ್ಮ.

"ಕೊಡೆ ಕಣೋ! ನಿನಗೇನು ಗೊತ್ತು?"

ಎರಡು ಗಂಟೆ ಹುಡುಕಿದ್ದಾಯಿತು. ದಫ್ತರದಕ್ಕ ಏಣಿ ಹತ್ತಿದಳು, ಇಳಿದಳು, ಸೀನಿದಳು, ಮತ್ತೆ ಹತ್ತಿದಳು. ಅವರು ಹೇಳಿದ ಹೆಸರಿನವರು ಇಡೀ ಊರಿನಲ್ಲಿ ಹುಟ್ಟಿರಲೂ ಇಲ್ಲ, ಸತ್ತಿರಲೂ ಇಲ್ಲ. ಒಂಬತ್ತನೇ ರಿಜಿಸ್ಟರಿನಲ್ಲಿ ಒಂದು ಪುಟಕ್ಕೆ ಯಾವ ಕಾಲದಲ್ಲೋ ನೀರು ಬಿದ್ದಿತ್ತು. ಹೆಸರಿನ ಜಾಗದಲ್ಲಿ ಕಂದು ಕಲೆ. ಕಸುಬಿನ ಜಾಗದಲ್ಲಿ "ರಿಪೇರಿ" ಎಂದಷ್ಟೇ ಉಳಿದಿತ್ತು; ಏನನ್ನು ರಿಪೇರಿ ಮಾಡುತ್ತಿದ್ದ ಎಂಬುದು ಕಲೆಯ ಜೊತೆ ಹೋಗಿತ್ತು. ಅದರ ಮುಂದೆ ಸ್ಪಷ್ಟವಾಗಿ: ಬಾವಿ ಬೀದಿ, ಮನೆ ನಂಬರು ನಾಲ್ಕು.

ಬಾವಿ ಬೀದಿ ಅವಳದೇ ಬೀದಿ. ನಾಲ್ಕನೇ ಮನೆ ದುರ್ಬೀನಮ್ಮನದು. ಬೀದಿಯಲ್ಲಿ ಯಾರು ಯಾವಾಗ ಹೋದರು, ಎಷ್ಟು ಹೊತ್ತಿಗೆ ಬಂದರು, ಚೀಲದಲ್ಲಿ ಏನಿತ್ತು ಎಂಬುದೆಲ್ಲ ದುರ್ಬೀನಮ್ಮನಿಗೆ ಗೊತ್ತು. ಬೆಳಿಗ್ಗೆಯೇ ತಡೆದು ನಿಲ್ಲಿಸಿದ್ದಳು: "ಮನೇಲಿ ಯಾರೂ ಇಲ್ವಂತಲ್ಲೇ! ಒಬ್ಬಳೇ ಹೇಗಿರ್ತೀಯಾ? ಸಂಜೆ ನಾನೇ ದಿಂಬು ತಗೊಂಡು ಬರ್ತೀನಿ ಬಿಡು, ರಜೆ ಮುಗಿಯೋವರೆಗೂ ಜೊತೆಗಿರ್ತೀನಿ."

ದಫ್ತರದಕ್ಕ ಆ ಕಲೆಯನ್ನೇ ನೋಡಿದಳು. ಇಪ್ಪತ್ತೆರಡು ವರ್ಷದಲ್ಲಿ ಈ ಮೇಜಿನ ಮೇಲೆ ಒಂದು ಸುಳ್ಳು ಬರೆದವಳಲ್ಲ. ಆದರೆ ಏಳು ಜನ ನೆಂಟರು ತನ್ನ ಮನೆಗೇ ಬಂದರೆ ದುರ್ಬೀನಮ್ಮ ದಿಂಬು ಎತ್ತಿಕೊಂಡು ಎಲ್ಲಿಗೆ ಹೋದಾಳು? ಇವರಿಗೂ ಒಂದು ಮನೆ ಸಿಕ್ಕಂತಾಯಿತು. ನೀರು ಬಿದ್ದು ಅಳಿಸಿಹೋದವನು ಬಂದು ಜಗಳವಾಡುವುದಿಲ್ಲ.

"ಸಿಕ್ಕಿದ್ರು," ಎಂದಳು. "ರಿಪೇರಿ ಅಂತಿದೆ."

"ಕೊಡೆ ತಾನೇ?"

"ಕೊಡೆಯೇ."

ಅವರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡರು. ದಫ್ತರದಕ್ಕ ದೃಢೀಕರಣ ಪತ್ರ ಬರೆದು, ಸಹಿ ಹಾಕಿ, ಮೊಹರನ್ನು ಎರಡು ಸಲ ಒತ್ತಿದಳು. ಬೇಗ ಮುಗಿಸುವ ಗಡಿಬಿಡಿಯಲ್ಲಿ ದಿನವೂ ಒಪ್ಪಿಸುವ ಪಾಠವನ್ನು ಒಪ್ಪಿಸಲಿಲ್ಲ. ಅದು ಅವಳಿಗೆ ನೆನಪೂ ಆಗಲಿಲ್ಲ.

"ನಿಮ್ಮದೂ ಅದೇ ಬೀದಿ ಅಂದ್ರಲ್ಲ ಅಕ್ಕೋರೇ, ದಾರಿ ತೋರಿಸಿಬಿಡಿ," ಎಂದು ಹಿರಿಮಗ ಅವಳ ಚೀಲ ಹೊತ್ತುಕೊಂಡ.

ದುರ್ಬೀನಮ್ಮ ಮೆರವಣಿಗೆಯನ್ನು ತಿರುವಿನಲ್ಲೇ ಕಂಡು ಬಾಗಿಲಿಗೆ ಬಂದು ನಿಂತಿದ್ದಳು. ಪತ್ರವನ್ನು ಓದಿದವಳೇ ಹಿರಿಮಗನ ಗಲ್ಲ ಹಿಡಿದಳು.

"ಅಯ್ಯೋ ನನ್ನಪ್ಪಾ! ಇದು ನಮ್ಮನೆ ಮೂಗೇ! ಬೀದೀಲೆಲ್ಲ ಕೇಳಿ, ಈ ಮೂಗು ನಮ್ಮ ವಂಶಕ್ಕೆ ಮಾತ್ರ ಇರೋದು."

ಎಲ್ಲರ ಮೂಗುಗಳನ್ನೂ ಸಾಲಾಗಿ ನಿಲ್ಲಿಸಿ ತಪಾಸಣೆ ನಡೆಯಿತು. ಗೋಡೆಯ ಮೇಲಿದ್ದ ಫೋಟೋಗಳೆಲ್ಲ ಕೆಳಗಿಳಿದವು. ಹಿಂದಿನ ಬೇಸಿಗೆಯ ಹಲ್ಲುನೋವಿನಿಂದ ಹಿಡಿದು ತನ್ನ ಕತೆಯನ್ನೆಲ್ಲ ದುರ್ಬೀನಮ್ಮ ಬಿಚ್ಚಿದಳು. ಅಜ್ಜಿ ಗಟ್ಟಿ ಮರದ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿಕೊಂಡಿದ್ದರು. ದಫ್ತರದಕ್ಕ ಬಾಗಿಲಿನ ಕಡೆ ಒಂದೊಂದೇ ಹೆಜ್ಜೆ ಹಿಂದೆ ಸರಿದಳು. ಇನ್ನೆರಡು ಹೆಜ್ಜೆ. ಇನ್ನೊಂದು.

ಬೆನ್ನಿಗೆ ಯಾರೋ ತಾಗಿದರು. ಟಪಾಲಣ್ಣ. ಈ ಬೀದಿಗೆ ಮೂವತ್ತೈದು ವರ್ಷ ಕಾಗದ ಹಂಚಿ ನಿವೃತ್ತನಾದವನು. ಈಗಲೂ ಜನ ಸೇರಿದ ಕಡೆ ಬಟವಾಡೆಗೆ ಏನೋ ಇದೆ ಅನ್ನುವವನ ಹಾಗೆ ಬಂದು ನಿಲ್ಲುತ್ತಿದ್ದ.

"ಏನಮ್ಮಾ ಗದ್ದಲ? ಕೊಡಿ ನೋಡೋಣ," ಎಂದು ಪತ್ರ ತೆಗೆದುಕೊಂಡ. ಹೆಸರು ನೋಡಲಿಲ್ಲ, ಸಂಬಂಧ ನೋಡಲಿಲ್ಲ. ಅಭ್ಯಾಸದಂತೆ ನೇರವಾಗಿ ವಿಳಾಸಕ್ಕೆ ಕಣ್ಣು ಹಾಯಿಸಿದ. ಹುಬ್ಬು ಮೇಲೇರಿತು. "ಇದು ಎಷ್ಟು ವರ್ಷ ಹಿಂದಿನದು?"

"ತೊಂಬತ್ತು ಅಂದ್ಕೊಳ್ಳಿ," ಎಂದ ಹಿರಿಮಗ ಹೆಮ್ಮೆಯಿಂದ.

"ಹಾಗಾದ್ರೆ ತಪ್ಪು ಬಟವಾಡೆ ಆಗಿದೆ. ಆಗ ನಂಬರು ಬಾವಿ ತುದಿಯಿಂದ ಶುರುವಾಗ್ತಿತ್ತು. ಈಗ ರಸ್ತೆ ತುದಿಯಿಂದ. ಬೀದೀಲಿ ಇಪ್ಪತ್ತು ಮನೆ. ಹಳೇ ನಾಲ್ಕು ಅಂದ್ರೆ ಈಗಿನ..." ಅವನು ಬೆರಳು ಮಡಿಸಿದ. "ಹದಿನೇಳು. ಅಲ್ಲಮ್ಮಾ, ಊರಿಗೆಲ್ಲ ಇದನ್ನ ಹೇಳೋರು ನೀವೇ ಅಲ್ವಾ?"

ದಫ್ತರದಕ್ಕ ಉಳಿದ ಒಂದು ಹೆಜ್ಜೆಗೆ ಬಾಗಿಲು ಹುಡುಕಿದಳು; ಬಾಗಿಲಲ್ಲಿ ಟಪಾಲಣ್ಣ ನಿಂತಿದ್ದ.

"ಹದಿನೇಳು ಯಾರ ಮನೆ?" ಎಂದು ಕೇಳಿದ ಹಿರಿಮಗ.

ಸಿಕ್ಕ ವಂಶ ಅರ್ಧ ಗಂಟೆಯಲ್ಲೇ ಕೈತಪ್ಪಿದ ಸಿಟ್ಟಿಗೆ ದುರ್ಬೀನಮ್ಮನ ಮೂಗು ಕೆಂಪಾಗಿತ್ತು. ಅವಳೇ ಬೆರಳು ತೋರಿಸಿದಳು. "ಇವಳದ್ದೇ! ಬೆಳಿಗ್ಗೆಯಿಂದ ಖಾಲಿ ಬಿದ್ದಿದೆ. ಇನ್ನೂ ಒಂದು ವಾರ ಖಾಲೀನೇ!"

"ಇಲ್ಲ, ಅದು... ಪುಟಕ್ಕೆ ನೀರು ಬಿದ್ದಿತ್ತು. ಏನಾದ್ರೂ ತಪ್ಪಾಗಿರಬಹುದು," ಎಂದಳು ದಫ್ತರದಕ್ಕ.

"ತಪ್ಪು ಹೇಗಾಗುತ್ತೆ ಅಕ್ಕಾ? ನಿಮ್ಮದೇ ಸಹಿ ಇದೆ. ಮೊಹರು ಎರಡಿದೆ," ಎಂದ ಹಿರಿಮಗ. ಅಕ್ಕೋರು ಅಷ್ಟರಲ್ಲೇ ಅಕ್ಕ ಆಗಿದ್ದಳು. "ನೀವು ನಮ್ಮೋರೇ ಅಂತ ಕಿಂಡೀಲೇ ಅನ್ನಿಸಿತ್ತು!"

ಬೀದಿಯ ಉದ್ದಕ್ಕೂ ಅವಳಿಗೆ ಉಳಿದದ್ದು ಒಂದೇ ಆಸೆ: ಅಜ್ಜಿ. ದುರ್ಬೀನಮ್ಮನ ಮನೆಯನ್ನು ನೋಡಿ ಅಜ್ಜಿ ಹೂಂ ಅಂದಿರಲಿಲ್ಲ. ತಮ್ಮ ಅಜ್ಜನ ಬಾಯಿಂದ ಎಲ್ಲವನ್ನೂ ಕೇಳಿದವರು ಅವರೊಬ್ಬರೇ. ಇದಲ್ಲ ಎಂದು ಅವರು ಒಂದು ಮಾತು ಹೇಳಿದರೆ ಇವರೆಲ್ಲ ಹೋಗುತ್ತಾರೆ. ಅವಳು ಬೀಗ ತೆಗೆದಳು.

ಅಜ್ಜಿ ಹೊಸಿಲ ಬಳಿ ನಿಂತು ಬಾಗಿಲು ನೋಡಿದರು, ಒಲೆ ನೋಡಿದರು, ಗೋಡೆ ನೋಡಿದರು. ಆಮೇಲೆ ಕಿಟಕಿ ಕಂಡಿತು. ಕಿಟಕಿಯಿಂದ ಬರುತ್ತಿದ್ದ ಗಾಳಿ, ಪಕ್ಕದ ಮಂಚ, ಮಂಚದ ಮೇಲೆ ಒಂದೂ ಸುಕ್ಕಿಲ್ಲದ ಹೊಸ ಹೊದಿಕೆ. ಅಜ್ಜಿಯ ಕಣ್ಣಲ್ಲಿ ನೀರು ತುಂಬಿತು.

"ಇದೇ," ಎಂದರು. "ಇದೇ ಮನೆ. ಅಜ್ಜ ಹೇಳ್ತಿದ್ದ ಕಿಟಕಿ ಇದೇ."

ಹಿರಿಮಗ ಅಳತೊಡಗಿದ, ಅದನ್ನು ನೋಡಿ ತಮ್ಮನೂ ಅತ್ತ. "ಮೂರು ಬೇಸಿಗೆಯಿಂದ ಎಷ್ಟು ಊರು, ಎಷ್ಟು ಮನೆ ತೋರಿಸಿದ್ವಿ! ಅಮ್ಮ ಒಂದ್ಸಲಾನೂ ಅತ್ತಿರಲಿಲ್ಲ. ಮುಂದಿನ ಊರೆಲ್ಲ ಕ್ಯಾನ್ಸಲ್. ಅಕ್ಕಾ, ವಾರ ಪೂರ್ತಿ ಇಲ್ಲೇ ಇರ್ತೀವಿ. ನಡೀರೋ, ಸಾಮಾನು ತರೋಣ!" ಎಂದ ಹಿರಿಮಗ.

ಎಲ್ಲರೂ ಹೊರಗೆ ನುಗ್ಗಿದರು. ಮನೆಯಲ್ಲಿ ಇಬ್ಬರೇ ಉಳಿದರು. ಅಜ್ಜಿ ಆಗಲೇ ಮಂಚದ ಮೇಲೆ ಕೂತು ಒಂದೊಂದೇ ಕಾಲು ಎತ್ತಿ ಇಡುತ್ತಿದ್ದರು.

"ಅಜ್ಜೀ, ನಿಜವಾಗ್ಲೂ ಈ ಕಿಟಕೀನೇನಾ?"

"ಎಲ್ಲೀದು ಮಗಳೇ! ನಮ್ಮಜ್ಜನ ಮನೆ ಕಾಲುವೆ ದಂಡೇಲಿತ್ತು. ಬಾಗಿಲಿಗೇ ದೋಣಿ ಕಟ್ಟೋರಂತೆ. ಇಲ್ಲೆಲ್ಲಿದೆ ಕಾಲುವೆ?" ಅಜ್ಜಿ ದಿಂಬು ಸರಿಮಾಡಿಕೊಂಡರು. "ಜನ್ಮದಲ್ಲಿ ಒಂದು ಕೊಡೆ ಬಿಚ್ಚಿದೋರಲ್ಲ."

"ಮತ್ತೆ ಯಾಕೆ..."

"ಮೂರು ಬೇಸಿಗೆ. ಒಂಬತ್ತು ಊರು. ಎಲ್ಲಾ ಕಡೆ ಮೆಟ್ಟಿಲು, ಎಲ್ಲಾ ಕಡೆ ಗಟ್ಟಿ ಸ್ಟೂಲು. ಸಿಕ್ತು ಅನ್ನೋವರೆಗೂ ನನ್ನ ಮಕ್ಕಳು ಬಿಡೋ ಪೈಕಿ ಅಲ್ಲ. ನಾನೂ ಒಂದು ಒಳ್ಳೆ ಮಂಚ ಕಂಡಾಗ ಹೇಳಿಬಿಡೋಣ ಅಂತ ಕಾಯ್ತಿದ್ದೆ." ಅವರು ಒಂದು ಕಣ್ಣು ತೆರೆದು ನೋಡಿದರು. "ನೀನು ಕೊಡೆಯೇ ಅಂದ ದನೀಲೇ ನನಗೆ ಗೊತ್ತಾಯ್ತು ಬಿಡು. ದಣಿದೋರ ಸುಳ್ಳು ದಣಿದೋರಿಗೆ ತಿಳಿಯುತ್ತೆ. ನಾನು ಯಾರಿಗೂ ಹೇಳಲ್ಲ. ನೀನೂ ಹೇಳಬೇಡ."

ಹೊಸ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡು ಅಜ್ಜಿ ಗೋಡೆಯ ಕಡೆ ತಿರುಗಿದರು. ಎರಡು ನಿಮಿಷದಲ್ಲಿ ಗೊರಕೆ ಶುರುವಾಯಿತು, ಸಣ್ಣಗೆ, ಸುಖವಾಗಿ. ದಫ್ತರದಕ್ಕ ಮಂಚದ ಕಾಲಿನ ಬಳಿ ನಿಂತು, ತಾನು ಮಲಗಿದ್ದರೆ ಹೇಗಿರುತ್ತಿತ್ತು ಎಂಬುದನ್ನು ಸ್ವಲ್ಪ ಹೊತ್ತು ನೋಡಿದಳು.

ಹೊರಗೆ ಪೆಟ್ಟಿಗೆಗಳ ಚಕ್ರದ ಗಡಗಡ ಸದ್ದು ಹತ್ತಿರವಾಗುತ್ತಿತ್ತು. ಅದಕ್ಕಿಂತ ಮುಂಚೆ ದುರ್ಬೀನಮ್ಮ, ಕಂಕುಳಲ್ಲಿ ದಿಂಬು ಇರುಕಿಕೊಂಡು ಬಂದಳು.

"ಇಷ್ಟು ಜನಕ್ಕೆ ಒಬ್ಬಳೇ ಹೇಗೆ ಮಾಡ್ತೀಯೇ? ನಾನೂ ಇಲ್ಲೇ ಇರ್ತೀನಿ. ನಿಮ್ಮೋರು ಅಂದ್ರೆ ನಮ್ಮೋರಲ್ವಾ, ಮೂಗು ಒಂದೇ!"

ಹಿಂದೆಯೇ ಅಂಗಳದಿಂದ ಹಿರಿಮಗ ಕೂಗಿದ. "ಅಕ್ಕಾ, ಬಿಸಿನೀರು ಎಲ್ಲಿ ಸಿಗುತ್ತೆ?"

"ಬಂದೆ," ಎಂದಳು ದಫ್ತರದಕ್ಕ.